ಹದಿನಾಲ್ಕು ರಾತ್ರಿಯಿಂದ ಒಂದು ರಾತ್ರಿಗೆ

ಬಿಳಿ ಸೆರಗು, ತಡೆಯಲಾಗದ ತುರಿಕೆ, ಮೂತ್ರ ಮಾಡುವಾಗ ಉರಿ. ನಾಲ್ವರು ಹೆಂಗಸರಲ್ಲಿ ಮೂವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಯೋನಿಯ ಯೀಸ್ಟ್ ಸೋಂಕು ಬರುತ್ತದೆ ಎಂದು ವೈದ್ಯರು ಅಂದಾಜು ಮಾಡುತ್ತಾರೆ. ಕ್ಯಾಂಡಿಡಾ ಎಂಬ ಈ ಶಿಲೀಂಧ್ರ ಎಷ್ಟೋ ಜನರ ಮೈಯಲ್ಲಿ ತೊಂದರೆ ಕೊಡದೆ ಇರುತ್ತದೆ. ಬಸುರಿಯಾದಾಗ, ಸಕ್ಕರೆ ಕಾಯಿಲೆ ಹತೋಟಿ ತಪ್ಪಿದಾಗ, ಆ್ಯಂಟಿಬಯೋಟಿಕ್ ತೆಗೆದುಕೊಂಡಾಗ ಮಿತಿಮೀರಿ ಬೆಳೆಯುತ್ತದೆ. ಇಷ್ಟು ಸಾಮಾನ್ಯವಾದ ಕಾಯಿಲೆಗೆ ಬಹುಕಾಲ ಹಚ್ಚುತ್ತಿದ್ದುದು ಜೆನ್ಷನ್ ವೈಲೆಟ್ ಎಂಬ ನೇರಳೆ ದ್ರಾವಣ. ಉಟ್ಟ ಬಟ್ಟೆಯೆಲ್ಲ ಕಲೆಯಾಗುತ್ತಿತ್ತು.

ಈ ಸ್ಥಿತಿ ಬದಲಿಸಿದವರು ಇಬ್ಬರು ಹೆಂಗಸರೇ. ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿದ್ದ ಎಲಿಜಬೆತ್ ಹೇಝನ್ ನ್ಯೂಯಾರ್ಕ್ ನಗರದಲ್ಲಿ ಮಣ್ಣಿನ ಸೂಕ್ಷ್ಮಾಣುಗಳನ್ನು ಬೆಳೆಸಿ ಪರೀಕ್ಷಿಸುತ್ತಿದ್ದರು. ಶಿಲೀಂಧ್ರವನ್ನು ಕೊಲ್ಲುವಂಥದ್ದು ಕಂಡರೆ ಅದನ್ನು ಅಂಚೆಯಲ್ಲಿ ಆಲ್ಬನಿಗೆ ಕಳಿಸುತ್ತಿದ್ದರು. ಅಲ್ಲಿ ರಸಾಯನ ವಿಜ್ಞಾನಿ ರೇಚೆಲ್ ಬ್ರೌನ್ ಅದರ ಸಾರ ತೆಗೆದು ಮರಳಿ ಅಂಚೆಗೆ ಹಾಕುತ್ತಿದ್ದರು. ಕೊನೆಗೆ ಕೈಹಿಡಿದದ್ದು ವರ್ಜೀನಿಯಾದಲ್ಲಿದ್ದ ಸ್ನೇಹಿತರ ಹೊಲದ ಮಣ್ಣು. 1950ರಲ್ಲಿ ಪ್ರಕಟವಾದ ಆ ಔಷಧಿಯೇ ನಿಸ್ಟಾಟಿನ್. ಅದರಿಂದ ಬಂದ ಒಂದು ಕೋಟಿ ಮೂವತ್ತು ಲಕ್ಷ ಡಾಲರಿಗೂ ಹೆಚ್ಚಿನ ರಾಯಧನವನ್ನು ಇಬ್ಬರೂ ಸ್ವಂತಕ್ಕೆ ಇಟ್ಟುಕೊಳ್ಳದೆ ಸಂಶೋಧನೆಗೆ ಬಿಟ್ಟುಕೊಟ್ಟರು. ಔಷಧಿಗಳ ಚರಿತ್ರೆಯಲ್ಲಿ ಇಂಥ ಔದಾರ್ಯ ಅಪರೂಪ. ಇವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಇರಬೇಕಿತ್ತು.

ನಿಸ್ಟಾಟಿನ್ ಮಾತ್ರೆಯನ್ನು ಹದಿನಾಲ್ಕು ರಾತ್ರಿ ಯೋನಿಯೊಳಗೆ ಇಟ್ಟುಕೊಳ್ಳಬೇಕಿತ್ತು. ತುರಿಕೆ ನಿಂತ ಕೂಡಲೇ ನಡುವೆ ಬಿಡುವವರೇ ಹೆಚ್ಚೆಂದರೆ ಆಶ್ಚರ್ಯವಿಲ್ಲ. 1960ರ ದಶಕದ ಕೊನೆಗೆ ಜರ್ಮನಿಯ ಬೇಯರ್ ಕಂಪನಿಯಲ್ಲಿ ಕ್ಲೋಟ್ರಿಮಝೋಲ್, ಬೆಲ್ಜಿಯಂನ ಜಾನ್ಸೆನ್ ಕಂಪನಿಯಲ್ಲಿ ಮೈಕೊನಝೋಲ್ ಸಿದ್ಧವಾದವು. ಶಿಲೀಂಧ್ರದ ಕೋಶಪೊರೆಗೆ ಎರ್ಗೊಸ್ಟೆರಾಲ್ ಬೇಕೇಬೇಕು. ನಿಸ್ಟಾಟಿನ್ ಅದಕ್ಕೆ ಅಂಟಿಕೊಂಡು ಪೊರೆಯನ್ನು ತೂತು ಮಾಡಿದರೆ, ಈ ಅಝೋಲ್‌ಗಳು ಅದು ತಯಾರಾಗುವುದನ್ನೇ ತಡೆಯುತ್ತವೆ. ಹದಿನಾಲ್ಕು ರಾತ್ರಿ ಏಳಾಯಿತು, ಮೂರಾಯಿತು. 500 ಮಿಲಿಗ್ರಾಂ ಕ್ಲೋಟ್ರಿಮಝೋಲ್ ಮಾತ್ರೆಯಿಂದ ಒಂದಕ್ಕೆ ಇಳಿಯಿತು. ತೊಡಕಿಲ್ಲದ ಸೋಂಕು ನೂರಕ್ಕೆ ಎಂಬತ್ತರಿಂದ ತೊಂಬತ್ತು ಮಂದಿಯಲ್ಲಿ ಇದರಿಂದ ವಾಸಿಯಾಗುತ್ತದೆ.

ಬಾಯಿಂದ ನುಂಗುವ ಫ್ಲುಕೊನಝೋಲ್ ಬಂದಾಗ ಒಳಗಿಡುವ ಮಾತ್ರೆಯ ಕಾಲ ಮುಗಿಯಿತು ಎನಿಸಿತ್ತು. ಗುಣದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಆದರೆ ಬಸುರಿನಲ್ಲಿ ಫ್ಲುಕೊನಝೋಲ್ ತೆಗೆದುಕೊಂಡವರಲ್ಲಿ ಗರ್ಭಪಾತ ಹೆಚ್ಚೆಂದು 2016ರಲ್ಲಿ ಡೆನ್ಮಾರ್ಕಿನ ದೊಡ್ಡ ಅಧ್ಯಯನವೊಂದು ತೋರಿಸಿತು. ಇಂದಿಗೂ ಬಸುರಿಯರಿಗೆ ಸಲಹೆ ಮಾಡುವುದು ಏಳು ದಿನದ ಮುಲಾಮು ಅಥವಾ ಒಳಗಿಡುವ ಮಾತ್ರೆಯನ್ನೇ. 2021 ಮತ್ತು 2022ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎರಡು ಹೊಸ ನುಂಗುವ ಮಾತ್ರೆಗಳೂ ಬಸುರಿನಲ್ಲಿ ನಿಷಿದ್ಧ.

ಔಷಧಿ ಇಷ್ಟು ಮುಂದೆ ಬಂದರೂ ರೋಗಪತ್ತೆ ಹಿಂದೆಯೇ ಉಳಿಯಿತು, ನನ್ನ ಕಳವಳ ಅದೇ. 1990ರ ಕೊನೆಗೆ ಅಮೆರಿಕದಲ್ಲಿ ಕ್ಲೋಟ್ರಿಮಝೋಲನ್ನು ಚೀಟಿ ಇಲ್ಲದೆ ಮಾರಲು ಅನುಮತಿ ಸಿಕ್ಕಿತು. ಸಂಕೋಚದಿಂದ ವೈದ್ಯರ ಬಳಿ ಹೋಗದವರಿಗೆ ಅದು ನಿಜವಾದ ಅನುಕೂಲ. ಆದರೆ 2002ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹಾಗೆ ಔಷಧಿ ಕೊಂಡ 95 ಹೆಂಗಸರನ್ನು ಪರೀಕ್ಷಿಸಿದಾಗ ಬರೀ ಯೀಸ್ಟ್ ಸೋಂಕು ಇದ್ದದ್ದು ಮೂರನೇ ಒಂದು ಭಾಗದವರಲ್ಲಿ ಮಾತ್ರ. ಉಳಿದವರಲ್ಲಿ ಎಷ್ಟೋ ಜನರಿಗೆ ಇದ್ದದ್ದು ಬ್ಯಾಕ್ಟೀರಿಯಾದ ತೊಂದರೆ. ಅದಕ್ಕೆ ಈ ಮುಲಾಮು ಹಚ್ಚಿ ಫಲವಿಲ್ಲ.

ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಳಿ ಸೆರಗಿಗೆ ಕೊಡುವ ಹಸಿರು ಕಿಟ್‌ನಲ್ಲಿ ಯೀಸ್ಟಿಗೆ ಫ್ಲುಕೊನಝೋಲ್, ಬ್ಯಾಕ್ಟೀರಿಯಾದ ತೊಂದರೆಗೆ ಸೆಕ್ನಿಡಝೋಲ್ ಎರಡೂ ಇರುತ್ತವೆ. ಪ್ರಯೋಗಾಲಯವಿಲ್ಲದ ಕಡೆ ಲಕ್ಷಣ ನೋಡಿಯೇ ಚಿಕಿತ್ಸೆ ಕೊಡುವ ಅನಿವಾರ್ಯ ಉಪಾಯವಿದು. ಆದರೆ ಬೇಕಾದ ಪರೀಕ್ಷೆ ದುಬಾರಿಯದೇನಲ್ಲ. ಸ್ರಾವದ ಆಮ್ಲತೆ ನೋಡಲು ಒಂದು ಚೂರು ಪಿಎಚ್ ಕಾಗದ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್, ಒಂದು ಸೂಕ್ಷ್ಮದರ್ಶಕ, ಅದನ್ನು ನೋಡಬಲ್ಲ ಒಬ್ಬರು ಸಾಕು. ವರ್ಷಕ್ಕೆ ಮೂರು ಸಲ ಅಥವಾ ಹೆಚ್ಚು ಮರುಕಳಿಸುವವರಿಗಂತೂ ಇದು ಆಗಲೇಬೇಕು. ಅಝೋಲ್‌ಗಳಿಗೆ ಸುಲಭವಾಗಿ ಬಗ್ಗದ ಕ್ಯಾಂಡಿಡಾ ಗ್ಲಾಬ್ರಾಟಾ ಇದ್ದರೆ ಅದೇ ಮುಲಾಮನ್ನು ಮತ್ತೆ ಮತ್ತೆ ಬರೆದುಕೊಡುವ ಬದಲು, ಮಾದರಿಯನ್ನು ಕಲ್ಚರ್‌ಗೆ ಕಳಿಸಿ ಬೇರೆ ಔಷಧಿ ಆರಿಸಬೇಕಾಗುತ್ತದೆ.