ಬಾಯಾರುವ ಮುನ್ನ ತೋಡಿದ ಬಾವಿ

ರಣಜಿ ಟ್ರೋಫಿಯ ಲೀಗ್ ಪಂದ್ಯಗಳು ಮುಗಿದು, ಅಂಕಪಟ್ಟಿಯ ಮೇಲ್ಭಾಗದಲ್ಲಿ ಕರ್ನಾಟಕದ ಹೆಸರು ಕಂಡಾಗ ನಮ್ಮ ಕ್ರಿಕೆಟ್ ಅಭಿಮಾನಿಗಳಿಗೆ ಸಂತೋಷವಾಗುತ್ತದೆ. ಅದರ ಬೆನ್ನಿಗೇ ಸಣ್ಣದೊಂದು ದಿಗಿಲೂ ಹುಟ್ಟುತ್ತದೆ. ಇಲ್ಲಿಯವರೆಗೆ ಬಂದದ್ದೇನೋ ಸರಿ, ಇನ್ನು ನಾಕೌಟ್‌ನಲ್ಲಿ ಏನಾದೀತು? ಈ ಪ್ರಶ್ನೆಯನ್ನು ಬೆಂಗಳೂರಿನವರಷ್ಟೇ ಕೇಳುತ್ತಾರೆಂದು ತಿಳಿಯಬೇಕಾಗಿಲ್ಲ. ದಾವಣಗೆರೆಯಲ್ಲಿ, ಹಿಂದೆ ಊರಾಚೆಯ ಹಳ್ಳಿಯಾಗಿದ್ದು ಈಗ ನಗರದೊಳಗೇ ಸೇರಿಹೋಗಿರುವ ಶಾಮನೂರಿನಲ್ಲಿ, ಪಕ್ಕದ ಹರಿಹರದಲ್ಲಿ ಕೂಡ ಅದೇ ಮಾತು. ಹತ್ತಿ ಗಿರಣಿಗಳಿಗೂ ಬೆಣ್ಣೆ ದೋಸೆಗೂ ಹೆಸರಾದ ಈ ಊರಿಗೆ ಆ ಪ್ರಶ್ನೆ ಕೇಳುವ ಹಕ್ಕು ತುಸು ಹೆಚ್ಚೇ ಇದೆ ಎನ್ನಬೇಕು. ಕರ್ನಾಟಕಕ್ಕೆ ಸತತ ಎರಡು ವರ್ಷ ರಣಜಿ ಟ್ರೋಫಿ ಗೆದ್ದುಕೊಟ್ಟ ಒಬ್ಬನೇ ನಾಯಕ ಆರ್. ವಿನಯ್ ಕುಮಾರ್ ದಾವಣಗೆರೆಯವರು.

ಲೀಗ್ ಗೆಲ್ಲುವುದಕ್ಕೂ ನಾಕೌಟ್ ಗೆಲ್ಲುವುದಕ್ಕೂ ಅಷ್ಟೇನು ವ್ಯತ್ಯಾಸ ಎಂದು ಕೇಳಬಹುದು. ಲೀಗ್ ಎಂಬುದು ವರ್ಷಪೂರ್ತಿಯ ಜಮಾ ಖರ್ಚಿನ ಲೆಕ್ಕವಿದ್ದಂತೆ. ಒಂದು ಪಂದ್ಯದಲ್ಲಿ ಕಳೆದುಕೊಂಡದ್ದನ್ನು ಇನ್ನೊಂದರಲ್ಲಿ ತುಂಬಿಕೊಳ್ಳಬಹುದು. ನಾಕೌಟ್‌ನಲ್ಲಿ ಆ ಸಾಲದ ಸೌಲಭ್ಯವಿಲ್ಲ. ಅಲ್ಲಿ ಪಂದ್ಯ ಡ್ರಾ ಆದರೆ ಮೊದಲ ಇನಿಂಗ್ಸ್‌ನಲ್ಲಿ ಮುನ್ನಡೆ ಪಡೆದ ತಂಡ ಮುಂದಿನ ಸುತ್ತಿಗೆ ಹೋಗುತ್ತದೆ, ಇನ್ನೊಂದು ತಂಡ ಮನೆಗೆ ಹೋಗುತ್ತದೆ. ಮೊದಲ ದಿನದ ಒಂದು ಗಂಟೆಯ ಕುಸಿತ ಇಡೀ ವರ್ಷದ ದುಡಿಮೆಯನ್ನು ನುಂಗಿಹಾಕಬಹುದು.

ಇದು ನಮ್ಮ ಕ್ರಿಕೆಟ್ಟಿಗೆ ಮಾತ್ರ ಅಂಟಿದ ಕಷ್ಟವೂ ಅಲ್ಲ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಪ್ರತಿ ತಂಡ ವರ್ಷಕ್ಕೆ 162 ಲೀಗ್ ಪಂದ್ಯಗಳನ್ನಾಡುತ್ತದೆ. ಬಳಿಕ ಕೆಲವೇ ಪಂದ್ಯಗಳ ಪ್ಲೇಆಫ್ ಸರಣಿಗಳು. 2001ರಲ್ಲಿ ಸಿಯಾಟಲ್ ಮ್ಯಾರಿನರ್ಸ್ ತಂಡ 116 ಲೀಗ್ ಪಂದ್ಯಗಳನ್ನು ಗೆದ್ದಿತು. ಆದರೂ ನ್ಯೂಯಾರ್ಕ್ ಯಾಂಕೀಸ್ ಎದುರು ಐದೇ ಪಂದ್ಯಗಳಲ್ಲಿ ಸರಣಿ ಸೋತು, ಅಂತಿಮ ಹಣಾಹಣಿಯಾದ ವರ್ಲ್ಡ್ ಸೀರೀಸನ್ನು ತಲುಪಲೇ ಇಲ್ಲ. ಅಲ್ಲಿನ ಅಭಿಮಾನಿಗಳು ಪ್ರತಿ ವರ್ಷ ತಲೆ ಕೆಡಿಸಿಕೊಳ್ಳುವುದು ಇದೇ ವಿಷಯಕ್ಕೆ: ದೀರ್ಘ ಓಟಕ್ಕೆ ಕಟ್ಟಿದ ತಂಡ ಕೊನೆಯ ಕುಸ್ತಿಗೂ ಸಿದ್ಧವಾಗಿದೆಯೆ?

ಕನ್ನಡನಾಡಿನ ತಂಡ ಈ ಪಾಠ ಕಲಿತದ್ದು ನಿಧಾನವಾಗಿ. 1934ರ ನವೆಂಬರಿನಲ್ಲಿ ರಣಜಿಯ ಮೊಟ್ಟಮೊದಲ ಪಂದ್ಯ ಮದರಾಸಿನ ಚೆಪಾಕ್‌ನಲ್ಲಿ ನಡೆದಾಗ ಆಡಿದ್ದು ಮದರಾಸು ಮತ್ತು ಮೈಸೂರು. ಮೈಸೂರು 48 ಮತ್ತು 59 ರನ್ನುಗಳಿಗೆ ಉರುಳಿ, ಪಂದ್ಯ ಒಂದೇ ದಿನದಲ್ಲಿ ಮುಗಿದುಹೋಯಿತು. ಮುಂದೆ 1941-42ರಲ್ಲಿ, ಮತ್ತೆ 1959-60ರಲ್ಲಿ ಮೈಸೂರು ಫೈನಲ್ ತಲುಪಿತು. ಎರಡು ಸಲವೂ ಬೊಂಬಾಯಿ ತಂಡದೆದುರು ಇನಿಂಗ್ಸ್ ಸೋಲು. ಫೈನಲ್ ತಲುಪುವುದು ಬೇರೆ, ಅದನ್ನು ಆಡುವುದು ಬೇರೆ ಎಂಬುದಕ್ಕೆ ಈ ಎರಡು ಸೋಲುಗಳೇ ಸಾಕು.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂತು. ಅದೇ ಋತುವಿನಲ್ಲಿ ತಂಡದ ಹಣೆಬರಹವೂ ಬದಲಾಯಿತು. ಬೊಂಬಾಯಿ ಅಷ್ಟರಲ್ಲಿ ಸತತ 15 ವರ್ಷ ಚಾಂಪಿಯನ್ ಆಗಿತ್ತು. ಬೆಂಗಳೂರಿನಲ್ಲಿ ನಡೆದ ಸೆಮಿಫೈನಲ್‌ನಲ್ಲಿ ಭದ್ರಾವತಿಯ ಹುಡುಗ ಗುಂಡಪ್ಪ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ರನ್ ಹೊಡೆದರು. ಕರ್ನಾಟಕ 385. ಗಾವಸ್ಕರ್, ವಾಡೇಕರರಿದ್ದ ಬೊಂಬಾಯಿ 307ಕ್ಕೆ ನಿಂತಿತು. ಪಂದ್ಯ ಡ್ರಾ ಆದರೂ 78 ರನ್ನುಗಳ ಮುನ್ನಡೆ ಕರ್ನಾಟಕವನ್ನು ದಡ ಸೇರಿಸಿತು. ಜೈಪುರದ ಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ತಂಡ ರಾಜಸ್ತಾನವನ್ನು 185 ರನ್ನುಗಳಿಂದ ಸೋಲಿಸಿತು. ಆ ತಂಡದ ಬಲವನ್ನು ವಿವರಿಸಲು ಹೆಚ್ಚು ಮಾತು ಬೇಡ. ರನ್ ಪೇರಿಸಲು ಇಬ್ಬರು, ಎದುರಾಳಿಯ ಹತ್ತು ವಿಕೆಟ್ ಕೀಳಲು ಪ್ರಸನ್ನ ಮತ್ತು ಚಂದ್ರಶೇಖರ್. ನಾಕೌಟ್ ಗೆಲ್ಲಲು ಬೇಕಾದ ಎರಡೂ ಆಯುಧಗಳು ಒಂದೇ ಬತ್ತಳಿಕೆಯಲ್ಲಿದ್ದವು. 1977-78 ಮತ್ತು 1982-83ರಲ್ಲೂ ಟ್ರೋಫಿ ಕರ್ನಾಟಕಕ್ಕೆ ಬಂತು. ಮೂರನೆಯ ಸಲವಂತೂ ಬೊಂಬಾಯಿಯ 534ಕ್ಕೆ ಉತ್ತರವಾಗಿ 541 ಗಳಿಸಿ, ಕೇವಲ ಏಳು ರನ್ನುಗಳ ಮುನ್ನಡೆಯಲ್ಲಿ ಗೆದ್ದದ್ದು.

ತೊಂಬತ್ತರ ದಶಕದ ತೊಡಕು ಬೇರೆ ಬಗೆಯದು. 1996ರಲ್ಲಿ ಇಂಗ್ಲೆಂಡಿಗೆ ಹೋದ ಭಾರತ ತಂಡದಲ್ಲಿ ಶ್ರೀನಾಥ್, ಕುಂಬ್ಳೆ, ವೆಂಕಟೇಶ ಪ್ರಸಾದ್, ದ್ರಾವಿಡ್, ಸುನಿಲ್ ಜೋಶಿ ಹೀಗೆ ಕರ್ನಾಟಕದವರೇ ಐವರು. ಹೆಮ್ಮೆಯ ವಿಷಯವೇ ಸರಿ. ಆದರೆ ಮನೆಯ ದುಡಿಯುವ ಕೈಗಳೆಲ್ಲ ಪರಸ್ಥಳದಲ್ಲಿದ್ದರೆ ಮನೆ ನಡೆಸುವವರು ಯಾರು? 1995-96, 1997-98, 1998-99 ಈ ಮೂರು ಗೆಲುವುಗಳ ಹಿಂದೆ ಈ ಪ್ರಶ್ನೆಗೆ ಸಿಕ್ಕ ಉತ್ತರವಿದೆ. 1998-99ರಲ್ಲಿ ವಿಜಯ್ ಭಾರದ್ವಾಜ್ ಒಂದೇ ರಣಜಿ ಋತುವಿನಲ್ಲಿ 1280 ರನ್ ಗಳಿಸಿದರು. ಬೆಂಗಳೂರಿನಲ್ಲಿ ನಡೆದ ಫೈನಲ್‌ನಲ್ಲಿ ಮಧ್ಯಪ್ರದೇಶಕ್ಕೆ 75 ರನ್ನುಗಳ ಮುನ್ನಡೆ ಸಿಕ್ಕಿತ್ತು, ಡ್ರಾ ಮಾಡಿಕೊಂಡರೂ ಟ್ರೋಫಿ ಅವರದ್ದೇ. ಕೊನೆಯ ದಿನ ಅದೇ ಭಾರದ್ವಾಜ್ ಚೆಂಡು ಹಿಡಿದು 24 ರನ್ನಿಗೆ ಆರು ವಿಕೆಟ್ ಕಿತ್ತರು. ಮಧ್ಯಪ್ರದೇಶ 150ಕ್ಕೆ ಮುಗಿಯಿತು. ಅಂದಿನ ನಾಯಕ ಗದಗಿನ ಸುನಿಲ್ ಜೋಶಿ.

ಆ ಬಳಿಕ ಬಂದದ್ದು ಹದಿನೈದು ವರ್ಷಗಳ ಬರಗಾಲ. ವಿನಯ್ ಕುಮಾರ್ ತಂಡಕ್ಕೆ ಕಾಲಿಟ್ಟದ್ದು ಆ ಬರಗಾಲದ ನಡುವೆ, 2004-05ರಲ್ಲಿ. 1984ರ ಫೆಬ್ರವರಿಯಲ್ಲಿ ಅವರು ಹುಟ್ಟಿದಾಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ, ಜಿಲ್ಲೆಯಾದದ್ದು 1997ರಲ್ಲಿ. ಅಭಿಮಾನಿಗಳು ಅವರನ್ನು ಕರೆದದ್ದು 'ದಾವಣಗೆರೆ ಎಕ್ಸ್‌ಪ್ರೆಸ್' ಎಂದು. ಹೆಸರಿಗೆ ಎಕ್ಸ್‌ಪ್ರೆಸ್ ಆದರೂ ಅವರದ್ದು ಮಧ್ಯಮ ವೇಗ. ಪ್ರತಿ ನಿಲ್ದಾಣದಲ್ಲೂ ಹೊತ್ತಿಗೆ ಸರಿಯಾಗಿ ನಿಲ್ಲುವ ಪ್ಯಾಸೆಂಜರ್ ರೈಲಿನಂತೆ ಒಂದೇ ಜಾಗಕ್ಕೆ ಚೆಂಡು ಹಾಕುತ್ತ, ಸ್ವಿಂಗ್ ಮಾಡುತ್ತ, ದಿನವಿಡೀ ದುಡಿಯುವ ಬೌಲರ್.

2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಬರಗಾಲ ಮುಗಿಯುವ ಸೂಚನೆ ಕಂಡಿತ್ತು. ಮುಂಬೈ ವಿರುದ್ಧ ಫೈನಲ್. ಗೆಲ್ಲಲು 338 ರನ್ ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಕರ್ನಾಟಕ 331ಕ್ಕೆ ಆಲೌಟ್, ಆರು ರನ್ನುಗಳ ಸೋಲು. ಎಲ್ಲರ ನೆನಪಿನಲ್ಲಿ ಉಳಿದದ್ದು ಆ ಆರು ರನ್. ಆದರೆ ಪಂದ್ಯ ಕೈಬಿಟ್ಟದ್ದು ಮೊದಲ ಇನಿಂಗ್ಸ್‌ನಲ್ಲೇ, ಮುಂಬೈಯ 233ಕ್ಕೆ ಎದುರಾಗಿ 130ಕ್ಕೆ ಕುಸಿದಾಗ. ಮುಂದಿನ ಮೂರು ಋತುಗಳಲ್ಲಿ ಕ್ರಮವಾಗಿ ಬರೋಡ, ಹರಿಯಾಣ, ಸೌರಾಷ್ಟ್ರ ತಂಡಗಳು ಕರ್ನಾಟಕವನ್ನು ನಾಕೌಟ್‌ನಲ್ಲೇ ತಡೆದವು. ಕೊನೆಯದರಲ್ಲಿ ಸೌರಾಷ್ಟ್ರದ ಪೂಜಾರ ಒಬ್ಬರೇ 352 ರನ್ ಹೊಡೆದಿದ್ದರು.

ವಿನಯ್ ಅವರಿಗೂ ಅದು ಸುಖದ ಕಾಲವಲ್ಲ. 2012ರಲ್ಲಿ ಪರ್ತ್‌ನಲ್ಲಿ ಆಡಿದ ಒಂದೇ ಟೆಸ್ಟ್ ಅವರ ಟೆಸ್ಟ್ ಬದುಕಿನ ಮೊದಲೂ ಕೊನೆಯೂ ಆಯಿತು. 2013ರ ನವೆಂಬರ್ 2ರಂದು ಬೆಂಗಳೂರಿನಲ್ಲೇ ಆಸ್ಟ್ರೇಲಿಯ ವಿರುದ್ಧದ ಏಕದಿನ ಪಂದ್ಯದಲ್ಲಿ ಒಂಬತ್ತು ಓವರುಗಳಿಗೆ 102 ರನ್ ತೆತ್ತರು. ತವರಿನ ಜನರೆದುರೇ ಟೀಕೆ, ಗೇಲಿ. ಮತ್ತೆ ಭಾರತದ ಪರ ಆಡುವ ಅವಕಾಶ ಬರಲಿಲ್ಲ. ಅದಾದ ಸರಿಯಾಗಿ ಮೂರು ತಿಂಗಳಿಗೆ, 2014ರ ಫೆಬ್ರವರಿ 2ರಂದು, ಹೈದರಾಬಾದಿನಲ್ಲಿ ರಣಜಿ ಟ್ರೋಫಿ ಅವರ ಕೈಯಲ್ಲಿತ್ತು. ಮಹಾರಾಷ್ಟ್ರದ 305ಕ್ಕೆ ಕರ್ನಾಟಕ 515 ಗಳಿಸಿ, ಏಳು ವಿಕೆಟ್‌ಗಳಿಂದ ಗೆದ್ದಿತ್ತು.

ಮೂರು ತಿಂಗಳಲ್ಲಿ ಯಾವ ಮಂತ್ರವೂ ಫಲಿಸಿರಲಿಲ್ಲ. ತಂಡ ಅದಕ್ಕೆ ಮೊದಲೇ ಕಟ್ಟಲ್ಪಟ್ಟಿತ್ತು. ವೇಗದ ಬೌಲಿಂಗಿಗೆ ವಿನಯ್, ಮಿಥುನ್, ಎಡಗೈಯ ಅರವಿಂದ್, ಶರತ್ ನಾಲ್ವರು. ಒಬ್ಬರು ದಣಿದರೆ, ಗಾಯಗೊಂಡರೆ ಇನ್ನೊಬ್ಬರು. ಬ್ಯಾಟಿಂಗಿಗೆ ಉತ್ತಪ್ಪ, ಪಾಂಡೆಯಂಥ ಅನುಭವಿಗಳ ಜೊತೆಗೆ ಇಪ್ಪತ್ತರ ಆಸುಪಾಸಿನ ಕೆ.ಎಲ್. ರಾಹುಲ್, ಕರುಣ್ ನಾಯರ್. ಆ ಋತುವಿನಲ್ಲಿ ರಾಹುಲ್ 1033 ರನ್ ಗಳಿಸಿ, ಫೈನಲ್‌ನಲ್ಲೂ 131 ಹೊಡೆದರು. ತರಬೇತುದಾರರಾಗಿದ್ದವರು ಇದೇ ತಂಡಕ್ಕೆ ಹಿಂದೆ ಆಡಿದ್ದ ಜೆ. ಅರುಣ್‌ಕುಮಾರ್. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಮ್ಮ ಹಿರಿಯರು ಹಂಗಿಸುತ್ತಿದ್ದರಲ್ಲ, ಆ ಮಾತು ಈ ತಂಡಕ್ಕೆ ತಾಕುವಂತಿರಲಿಲ್ಲ. ಬಾಯಾರುವ ಮುನ್ನವೇ ಬಾವಿ ತೋಡಿ ಆಗಿತ್ತು.

ಆ ಬಾವಿಯ ನೀರು ಎಷ್ಟು ಆಳದ್ದೆಂದು ತಿಳಿದದ್ದು ಮರುವರ್ಷ. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮುಂಬೈ ಎದುರು ಕರ್ನಾಟಕ ಬರೀ 202ಕ್ಕೆ ಆಲೌಟ್. ಹಿಂದಿನ ತಂಡಗಳು ಅಲ್ಲಿಗೇ ಕೈಚೆಲ್ಲುತ್ತಿದ್ದವೇನೋ. ವಿನಯ್ 20 ರನ್ನಿಗೆ ಆರು ವಿಕೆಟ್ ಕಿತ್ತು ಮುಂಬೈಯನ್ನು 44ಕ್ಕೆ ಕಟ್ಟಿಹಾಕಿದರು. ಮುಂಬೈಯ ವಾಂಖೆಡೆಯಲ್ಲಿ 2015ರ ಮಾರ್ಚಿನಲ್ಲಿ ನಡೆದ ಫೈನಲ್‌ನಲ್ಲಿ ಅವರ ಐದು ವಿಕೆಟ್‌ಗಳ ಹೊಡೆತಕ್ಕೆ ತಮಿಳುನಾಡು 134ಕ್ಕೆ ಕುಸಿಯಿತು. ಆದರೆ ಕರ್ನಾಟಕವೂ 84 ರನ್ ಆಗುವಷ್ಟರಲ್ಲಿ ಐದು ವಿಕೆಟ್ ಕಳೆದುಕೊಂಡಿತು. ಆಗ ಜೊತೆಯಾದವರು ಕರುಣ್ ನಾಯರ್ ಮತ್ತು ರಾಹುಲ್. ಎಂದಿನಂತೆ ಇನಿಂಗ್ಸ್ ಆರಂಭಿಸುವ ರಾಹುಲ್ ಅಂದು ಏಳನೆಯವರಾಗಿ ಬಂದಿದ್ದರು. ಇಬ್ಬರೂ ಆರನೇ ವಿಕೆಟ್‌ಗೆ 386 ರನ್ ಸೇರಿಸಿದರು. ರಾಹುಲ್ 188, ಕರುಣ್ 328, ಇದು ರಣಜಿ ಫೈನಲ್‌ಗಳಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ವೈಯಕ್ತಿಕ ಮೊತ್ತ. ನಾಯಕ ವಿನಯ್ ಕೆಳ ಕ್ರಮಾಂಕದಲ್ಲಿ ಬಂದು 105 ಹೊಡೆದು ಔಟಾಗದೆ ಉಳಿದರು. ತಂಡದ ಮೊತ್ತ 762, ಗೆಲುವು ಇನಿಂಗ್ಸ್ ಮತ್ತು 217 ರನ್ನುಗಳದ್ದು. ಆ ಎರಡು ಋತುಗಳಲ್ಲೂ ಇರಾನಿ ಕಪ್ ಮತ್ತು ವಿಜಯ್ ಹಜಾರೆ ಟ್ರೋಫಿಗಳು ಸಹ ಕರ್ನಾಟಕದ ಪಾಲಾದವು.

ಈ ಎರಡು ಪಂದ್ಯಗಳನ್ನು ಸ್ವಲ್ಪ ನಿಧಾನವಾಗಿ ನೋಡಿದರೆ ಸಿದ್ಧತೆ ಎಂಬ ಪದದ ಅರ್ಥ ಬಿಡಿಸಿಕೊಳ್ಳುತ್ತದೆ. ಎಲ್ಲವೂ ನೆಟ್ಟಗೆ ನಡೆದಾಗ ಗೆಲ್ಲುವುದು ಯಾವ ಒಳ್ಳೆಯ ತಂಡಕ್ಕೂ ಸಾಧ್ಯ. ಮೊದಲ ಐವರು ಔಟಾದ ಮೇಲೆ ಆರನೆಯವನೂ ಏಳನೆಯವನೂ ಏನು ಮಾಡುತ್ತಾರೆ, ಬ್ಯಾಟಿಂಗ್ ಕೈಕೊಟ್ಟ ದಿನ ಬೌಲಿಂಗ್ ಆ ನಷ್ಟವನ್ನು ಭರಿಸುತ್ತದೆಯೆ ಎಂಬಲ್ಲಿ ನಾಕೌಟ್ ತಂಡದ ಪರೀಕ್ಷೆ. 1974ರಲ್ಲಿ, 1999ರಲ್ಲಿ, 2015ರಲ್ಲಿ ಗೆದ್ದ ತಂಡಗಳಲ್ಲಿ ಬೇರೆಬೇರೆ ಹೆಸರುಗಳಿದ್ದರೂ ಕೆಟ್ಟ ಗಳಿಗೆಯಲ್ಲಿ ಮುಂದೆ ಬರುವ ಒಬ್ಬರು ಇದ್ದೇ ಇದ್ದರು.

ಹಾಗೆಂದು ಸಿದ್ಧತೆಯಿದ್ದರೆ ಗೆಲುವು ಕಟ್ಟಿಟ್ಟ ಬುತ್ತಿ ಎನ್ನುವಂತಿಲ್ಲ. 2016ರ ಡಿಸೆಂಬರಿನಲ್ಲಿ ವಿಶಾಖಪಟ್ಟಣದ ಕ್ವಾರ್ಟರ್‌ಫೈನಲ್‌ನಲ್ಲಿ ಕರ್ನಾಟಕ 88 ಮತ್ತು 150ಕ್ಕೆ ಉರುಳಿ, ಎರಡೇ ದಿನದಲ್ಲಿ ತಮಿಳುನಾಡಿಗೆ ಸೋತಿತು. ಮರುವರ್ಷ ನಾಗಪುರದಲ್ಲಿ ಮುಂಬೈ ವಿರುದ್ಧದ ಕ್ವಾರ್ಟರ್‌ಫೈನಲ್‌ನಲ್ಲಿ ವಿನಯ್ ಹ್ಯಾಟ್ರಿಕ್ ಪಡೆದರು, ತಂಡ ಇನಿಂಗ್ಸ್ ಅಂತರದಿಂದ ಗೆದ್ದಿತು. ಆದರೆ ಕೋಲ್ಕತ್ತದ ಸೆಮಿಫೈನಲ್‌ನಲ್ಲಿ ವಿದರ್ಭದೆದುರು 116 ರನ್ನುಗಳ ಮುನ್ನಡೆ ಪಡೆದೂ, 198 ರನ್ನುಗಳ ಗುರಿ ಬೆನ್ನಟ್ಟಿ 192ಕ್ಕೆ ನಿಂತಿತು. ಐದು ರನ್ನುಗಳ ಸೋಲು. ಮೈಸೂರಿನಲ್ಲಿ ಆರು, ಕೋಲ್ಕತ್ತದಲ್ಲಿ ಐದು. ಇಂಥ ಅಂತರಕ್ಕೆ ಯಾವ ಆಯ್ಕೆ ಸಮಿತಿಯೂ ಮೊದಲೇ ಲೆಕ್ಕ ಹಾಕಿ ಇಡಲಾರದು. 2015-16ರಿಂದ 2024-25ರವರೆಗಿನ ಋತುಗಳಲ್ಲಿ ನಾಲ್ಕು ಬಾರಿ ಸೆಮಿಫೈನಲ್‌ನಲ್ಲೇ ಮುಗ್ಗರಿಸಿದ್ದ ನೆನಪು ವಿದರ್ಭದ ಜೊತೆಗೆ ಸೌರಾಷ್ಟ್ರ, ಬಂಗಾಳಗಳನ್ನೂ ಕರೆತರುತ್ತದೆ. ಟ್ರೋಫಿಯಂತೂ ಒಮ್ಮೆಯೂ ಬರಲಿಲ್ಲ. ವಿನಯ್ 2021ರಲ್ಲಿ, ಪ್ರಥಮ ದರ್ಜೆಯ 504 ವಿಕೆಟ್‌ಗಳೊಂದಿಗೆ ನಿವೃತ್ತರಾದರು.

ಇನ್ನು ನಮ್ಮ ಊರುಗಳ ಮಾತು. ದಾವಣಗೆರೆಯ ಮೈದಾನಗಳಲ್ಲಿ ಟೆನಿಸ್ ಬಾಲ್ ಪಂದ್ಯಾವಳಿಗಳಿಗೆ ಜನ ಮುಗಿಬೀಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಆಟದ ರುಚಿ ಹತ್ತುವುದು ಅಲ್ಲಿಯೇ. ಆದರೆ ಹಗುರವಾದ ಆ ಚೆಂಡು ಕಲಿಸುವುದು ಆರೆಂಟು ಓವರುಗಳ ಅಬ್ಬರವನ್ನು. ಹೊಲಿಗೆಯ ಚೆಂಡನ್ನು ದಿನವಿಡೀ ಒಂದೇ ಜಾಗಕ್ಕೆ ಹಾಕುವ ತಾಳ್ಮೆ ಬೇರೆಯೇ ವಿದ್ಯೆ. ಅದಕ್ಕೆ ಒಳ್ಳೆಯ ಪಿಚ್ಚು, ಕಲಿಸುವವರು, ವರ್ಷವಿಡೀ ಪಂದ್ಯ ಬೇಕು. ಭದ್ರಾವತಿ, ಗದಗ, ದಾವಣಗೆರೆಗಳು ರಾಜ್ಯ ತಂಡಕ್ಕೆ ಎಂಥವರನ್ನು ಕೊಟ್ಟವೆಂದು ಮೇಲೆ ನೋಡಿದೆವು. ನಾಕೌಟ್‌ನ ಕೆಟ್ಟ ಗಳಿಗೆಗೆ ಬೇಕಾದ ಏಳನೇ ಬ್ಯಾಟ್ಸ್‌ಮನ್, ನಾಲ್ಕನೇ ಬೌಲರ್ ಇಂಥ ಊರುಗಳ ಯಾವುದೋ ಮೂಲೆಯಲ್ಲಿ ಇರಬಹುದು.

ಮುಂದಿನ ಸಲ ಅಂಕಪಟ್ಟಿ ನೋಡುವಾಗ ಅಭಿಮಾನಿಗಳು ಮೇಲಿನ ಸಾಲಿನ ಅಂಕಗಳನ್ನಷ್ಟೇ ಎಣಿಸದೆ, ಆ ಏಳನೆಯವನ, ಆ ನಾಲ್ಕನೆಯವನ ಲೆಕ್ಕವನ್ನೂ ಒಂದಿಷ್ಟು ನೋಡುವುದು ಒಳ್ಳೆಯದು. ಸೆಮಿಫೈನಲ್‌ನ ಬೆಳಿಗ್ಗೆ ತಂಡಕ್ಕೆ ಬೇಕಾಗುವವರು ಅವರೇ.