ನಮ್‌ಪೈ

ನಮ್‌ಪೈ ಎಂಬುದು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸಂಖ್ಯಾ ಲೆಕ್ಕಾಚಾರಗಳಿಗೆ ಬಳಸುವ ಒಂದು ಮುಕ್ತ ತಂತ್ರಾಂಶ. ಭೌತಶಾಸ್ತ್ರ, ಖಗೋಳಶಾಸ್ತ್ರ, ಜೀವಶಾಸ್ತ್ರ, ಅರ್ಥಶಾಸ್ತ್ರ ಮೊದಲಾದ ಕ್ಷೇತ್ರಗಳ ಸಂಶೋಧಕರು ಇದನ್ನು ನೇರವಾಗಿಯಾಗಲಿ, ಇದನ್ನು ಆಧರಿಸಿದ ಸೈಪೈ, ಪಾಂಡಾಸ್, ಮ್ಯಾಟ್‌ಪ್ಲಾಟ್‌ಲಿಬ್, ಆಸ್ಟ್ರೋಪೈ ಮುಂತಾದ ತಂತ್ರಾಂಶಗಳ ಮೂಲಕವಾಗಲಿ ಬಳಸುತ್ತಾರೆ. ಬಿಎಸ್‌ಡಿ ಪರವಾನಗಿಯಡಿ ಲಭ್ಯವಿರುವ ಇದನ್ನು ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು, ಹಂಚಬಹುದು. ವ್ಯಾಪಕ ಬಳಕೆಯಲ್ಲಿದ್ದರೂ ಬಹುಕಾಲ ಇದರ ನಿರ್ವಹಣೆಯು ಬೆರಳೆಣಿಕೆಯ ಸ್ವಯಂಸೇವಕರನ್ನೇ ಅವಲಂಬಿಸಿತ್ತು. ಈ ಕಾರಣದಿಂದ ಸಂಶೋಧನಾ ತಂತ್ರಾಂಶಗಳ ಪೋಷಣೆಯ ಚರ್ಚೆಯಲ್ಲಿ ನಮ್‌ಪೈ ಒಂದು ಪ್ರಮುಖ ನಿದರ್ಶನವಾಗಿದೆ.

ಕಾರ್ಯವಿಧಾನ

ನಮ್‌ಪೈಯ ತಿರುಳು ‘ಅರೇ’ ಎಂಬ ಬಹು ಆಯಾಮಗಳ ಕೋಷ್ಟಕ. ಪೈಥಾನ್‌ನ ಸಾಮಾನ್ಯ ಪಟ್ಟಿಯಲ್ಲಿ ಪ್ರತಿಯೊಂದು ಅಂಶವನ್ನೂ ಬೇರೆಬೇರೆಯಾಗಿ ತಲುಪಿ, ಅದರ ಬಗೆಯನ್ನು ಪರೀಕ್ಷಿಸಿ ಲೆಕ್ಕ ಮಾಡಬೇಕಾಗುತ್ತದೆ. ಅರೇಯಲ್ಲಿ ಒಂದೇ ಬಗೆಯ ಸಂಖ್ಯೆಗಳು ಗಣಕದ ಸ್ಮೃತಿಯಲ್ಲಿ ಕ್ರಮಬದ್ಧವಾಗಿ ಇರುವುದರಿಂದ, ಸಿ ಭಾಷೆಯಲ್ಲಿ ಬರೆದ ಒಳಭಾಗವು ಇಡೀ ಕೋಷ್ಟಕದ ಲೆಕ್ಕವನ್ನು ವೇಗವಾಗಿ ಮುಗಿಸುತ್ತದೆ.

ಉದಾಹರಣೆಗೆ, 40 ವಿದ್ಯಾರ್ಥಿಗಳು 6 ವಿಷಯಗಳಲ್ಲಿ ಪಡೆದ ಅಂಕಗಳನ್ನು 40 ಅಡ್ಡಸಾಲು, 6 ಕಂಬಸಾಲುಗಳ ಅರೇಯಾಗಿ ಇರಿಸಬಹುದು. ಅಡ್ಡಸಾಲಿನ ಸರಾಸರಿಯಿಂದ ಪ್ರತಿ ವಿದ್ಯಾರ್ಥಿಯ ಸಾಧನೆಯೂ, ಕಂಬಸಾಲಿನ ಸರಾಸರಿಯಿಂದ ಪ್ರತಿ ವಿಷಯದ ಫಲಿತಾಂಶವೂ ದೊರೆಯುತ್ತವೆ; ಇವಕ್ಕೆ ಒಂದೊಂದು ಆದೇಶ ಸಾಕು. ವಿಷಯವಾರು ಸರಾಸರಿಗಳ ಒಂದೇ ಸಾಲನ್ನು 40 ಸಾಲುಗಳಿಂದಲೂ ಒಮ್ಮೆಗೇ ಕಳೆಯಬಹುದು. ಈ ಸೌಲಭ್ಯಕ್ಕೆ ‘ಬ್ರಾಡ್‌ಕಾಸ್ಟಿಂಗ್’ ಎಂದು ಹೆಸರು.

ಇತಿಹಾಸ

1995ರಲ್ಲಿ ಜಿಮ್ ಹ್ಯೂಗುನಿನ್ ಅವರು ಇತರರ ನೆರವಿನಿಂದ ‘ನ್ಯೂಮೆರಿಕ್’ ಎಂಬ ತಂತ್ರಾಂಶವನ್ನು ರೂಪಿಸಿದರು. ಅನಂತರ ಹಬಲ್ ದೂರದರ್ಶಕದ ವಿಜ್ಞಾನ ಕಾರ್ಯಗಳನ್ನು ನೋಡಿಕೊಳ್ಳುವ ಅಮೆರಿಕದ ಸ್ಪೇಸ್ ಟೆಲಿಸ್ಕೋಪ್ ಸೈನ್ಸ್ ಇನ್‌ಸ್ಟಿಟ್ಯೂಟ್‌ನಲ್ಲಿ ‘ನಮ್‌ಅರೇ’ ಸಿದ್ಧವಾಯಿತು. ಇದು ದೊಡ್ಡ ಕೋಷ್ಟಕಗಳಿಗೂ, ನ್ಯೂಮೆರಿಕ್ ಚಿಕ್ಕ ಕೋಷ್ಟಕಗಳಿಗೂ ಹೆಚ್ಚು ಅನುಕೂಲಕರವಾಗಿದ್ದವು. ಇದರಿಂದ ಬಳಕೆದಾರರ ಸಮುದಾಯವು ಎರಡಾಗಿ ಒಡೆಯಿತು. ಒಂದನ್ನು ನೆಚ್ಚಿ ಬರೆದ ಪ್ರೋಗ್ರಾಂ ಇನ್ನೊಂದರೊಡನೆ ಸುಲಭವಾಗಿ ಹೊಂದುತ್ತಿರಲಿಲ್ಲ. ಆಗ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಟ್ರಾವಿಸ್ ಆಲಿಫೆಂಟ್ 2005ರಲ್ಲಿ ಇವೆರಡನ್ನೂ ಬೆಸೆಯುವ ಕೆಲಸವನ್ನು ಕೈಗೆತ್ತಿಕೊಂಡರು. ಅದರ ಫಲವಾಗಿ 2006ರಲ್ಲಿ ನಮ್‌ಪೈಯ 1.0 ಆವೃತ್ತಿ ಹೊರಬಂದಿತು.

ಸಂಶೋಧನೆಯಲ್ಲಿ ಬಳಕೆ

2016ರಲ್ಲಿ ಪ್ರಕಟವಾದ ಗುರುತ್ವ ತರಂಗಗಳ ಪತ್ತೆಯಲ್ಲಿ ಹಾಗೂ 2019ರ ಏಪ್ರಿಲ್ 10ರಂದು ಬಿಡುಗಡೆಯಾದ ಎಂ87 ಗೆಲಾಕ್ಸಿಯ ಕಪ್ಪುಕುಳಿಯ ಚಿತ್ರದ ರಚನೆಯಲ್ಲಿ ನಮ್‌ಪೈ ಬಳಕೆಯಾಗಿದೆ. 2020ರ ಸೆಪ್ಟೆಂಬರ್‌ನಲ್ಲಿ ‘ನೇಚರ್’ ಪತ್ರಿಕೆಯು ಈ ತಂತ್ರಾಂಶವನ್ನು ಕುರಿತು 26 ಲೇಖಕರ ಪ್ರಬಂಧವೊಂದನ್ನು ಪ್ರಕಟಿಸಿತು. ಪ್ರಬಂಧಗಳ ಉಲ್ಲೇಖಗಳಿಂದಲೇ ವಿದ್ವಾಂಸರ ಕೊಡುಗೆಯನ್ನು ಅಳೆಯುವ ಪದ್ಧತಿಯಿರುವುದರಿಂದ, ತಂತ್ರಾಂಶ ಬರೆದವರ ಶ್ರಮ ದಾಖಲಾಗಲು ಇಂತಹ ಪ್ರಬಂಧಗಳು ನೆರವಾಗುತ್ತವೆ.

ನಿರ್ವಹಣೆ ಮತ್ತು ಸಮುದಾಯ

ತಂತ್ರಾಂಶವನ್ನು ಒಮ್ಮೆ ಬರೆದು ಕೈಬಿಡುವಂತಿಲ್ಲ. ಪೈಥಾನ್ ಭಾಷೆಯೂ ಗಣಕಗಳ ಪ್ರೊಸೆಸರ್‌ಗಳೂ ಬದಲಾದಂತೆ ಅದನ್ನು ಪರಿಷ್ಕರಿಸಬೇಕಾಗುತ್ತದೆ. ದೋಷಗಳನ್ನು ತಿದ್ದುವುದು, ಇತರರು ಕಳುಹಿಸಿದ ತಿದ್ದುಪಡಿಗಳನ್ನು ಪರಿಶೀಲಿಸುವುದು, ಕೈಪಿಡಿ ಬರೆಯುವುದು ಇವೆಲ್ಲ ನಿರಂತರ ಕೆಲಸಗಳು. ನಮ್‌ಪೈಯಲ್ಲಿ ಪ್ರಮುಖ ಬದಲಾವಣೆಗಳನ್ನು ಲಿಖಿತ ಪ್ರಸ್ತಾವಗಳ ರೂಪದಲ್ಲಿ ಸಾರ್ವಜನಿಕವಾಗಿ ಚರ್ಚಿಸಿ, ಸಾಧ್ಯವಾದಷ್ಟೂ ಸಹಮತದಿಂದ ನಿರ್ಧರಿಸಲಾಗುತ್ತದೆ. ಒಟ್ಟಾರೆ ಹೊಣೆ ಒಂದು ನಿರ್ವಹಣಾ ಸಮಿತಿಯದು. ಸಮುದಾಯದ ಸದಸ್ಯರು ಹಲವು ದೇಶಗಳಲ್ಲಿದ್ದಾರೆ. ವೈಜ್ಞಾನಿಕ ಪೈಥಾನ್ ಬಳಕೆದಾರರ ಭಾರತೀಯ ಸಮ್ಮೇಳನವು 2009ರಲ್ಲಿ ತಿರುವನಂತಪುರದಲ್ಲಿ ಆರಂಭವಾಯಿತು.

ಆರ್ಥಿಕ ಪೋಷಣೆ

ಹೊಸ ಆವಿಷ್ಕಾರಗಳಿಗೆ ದೊರೆಯುವಷ್ಟು ಸುಲಭವಾಗಿ ನಿರ್ವಹಣಾ ಕಾರ್ಯಕ್ಕೆ ಅನುದಾನ ದೊರೆಯುವುದಿಲ್ಲ. 2012ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ‘ನಮ್‌ಫೋಕಸ್’ ಎಂಬ ಲಾಭರಹಿತ ಸಂಸ್ಥೆಯು ನಮ್‌ಪೈ ಮತ್ತು ಇತರ ವೈಜ್ಞಾನಿಕ ತಂತ್ರಾಂಶಗಳ ಪರವಾಗಿ ದೇಣಿಗೆ ಸ್ವೀಕರಿಸುತ್ತದೆ. ಆದರೂ ನಮ್‌ಪೈಗೆಂದೇ ಮೀಸಲಾದ ಮೊದಲ ಅನುದಾನ ಬಂದದ್ದು 2017ರಲ್ಲಿ, ಮೂರ್ ಮತ್ತು ಸ್ಲೋನ್ ಪ್ರತಿಷ್ಠಾನಗಳಿಂದ. ಅಂದರೆ 1.0 ಆವೃತ್ತಿ ಬಂದು ಹನ್ನೊಂದು ವರ್ಷಗಳ ತರುವಾಯ. ಈ ಹಣದಿಂದ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ವೇತನ ಪಡೆದು ದುಡಿಯುವ ತಂತ್ರಜ್ಞರನ್ನು ನೇಮಿಸಲಾಯಿತು. 2019ರಲ್ಲಿ ಚಾನ್ ಝುಕರ್‌ಬರ್ಗ್ ಇನಿಶಿಯೇಟಿವ್ ಕೂಡ ನೆರವು ನೀಡಿತು. ಇಂತಹ ಅನುದಾನಗಳು ನಿಗದಿತ ಅವಧಿಯವು. ಅವಧಿ ಮುಗಿದ ಮೇಲೂ ನಿರ್ವಹಣೆಯ ಅಗತ್ಯ ಉಳಿದೇ ಇರುತ್ತದೆ.

ಆವೃತ್ತಿ 2.0

2024ರ ಜೂನ್‌ನಲ್ಲಿ 2.0 ಆವೃತ್ತಿ ಬಿಡುಗಡೆಯಾಯಿತು. ಇದು 2006ರ ನಂತರದ ಮೊದಲ ಪ್ರಧಾನ ಆವೃತ್ತಿ. ಹಳೆಯ ಕೆಲವು ಅಂಶಗಳನ್ನು ಕೈಬಿಟ್ಟದ್ದರಿಂದ ನಮ್‌ಪೈಯನ್ನು ಆಧರಿಸಿದ ಅನೇಕ ತಂತ್ರಾಂಶಗಳನ್ನೂ ಪರಿಷ್ಕರಿಸಬೇಕಾಯಿತು. ತಳಹದಿಯ ತಂತ್ರಾಂಶದಲ್ಲಿ ಆಗುವ ಬದಲಾವಣೆಯು ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇವನ್ನೂ ನೋಡಿ

ಪೈಥಾನ್
ಮುಕ್ತ ತಂತ್ರಾಂಶ
ಗುರುತ್ವ ತರಂಗ