‘ಹ್ಯಾಂಗ್ ಫೈರ್’ ಎಂಬ ಆಂಗ್ಲ ನುಡಿಗಟ್ಟು

ಯಾವುದಾದರೊಂದು ಕಾರ್ಯವು ತೀರ್ಮಾನವಾಗದೆ ನಿಂತಿದ್ದರೆ ಅದು ‘ಹ್ಯಾಂಗಿಂಗ್ ಫೈರ್’ ಎಂದು ಭಾರತದ ಆಂಗ್ಲ ಪತ್ರಿಕೆಗಳು ಬರೆಯುವುದುಂಟು. ಪದಶಃ ನೋಡಿದರೆ ‘ಬೆಂಕಿಯನ್ನು ತೂಗುಹಾಕು’ ಎಂಬ ಅರ್ಥವು ತೋರುವುದಾದುದರಿಂದ ಹೊಸದಾಗಿ ಓದುವವರಿಗೆ ತೊಡಕಾಗುವುದು ಸಹಜವೇ. ಇಲ್ಲಿನ ಬೆಂಕಿ ಒಲೆಯದಲ್ಲ, ಕೋವಿಯ ಮದ್ದಿನದು. ‘ಹ್ಯಾಂಗ್’ ಎಂಬುದಕ್ಕೂ ಇಲ್ಲಿ ತಡೆದು ನಿಲ್ಲುವುದೆಂದೇ ಭಾವ.

ಸುಮಾರು ೧೭ನೆಯ ಶತಮಾನದ ನಡುಗಾಲದಿಂದ ೧೯ನೆಯ ಶತಮಾನದ ಮೊದಲ ದಶಕಗಳವರೆಗೆ ಯೂರೋಪಿನ ಸೈನ್ಯಗಳಲ್ಲಿ ಚಕಮಕಿ ಕೋವಿಯು ಬಳಕೆಯಲ್ಲಿದ್ದಿತು. ಅದರ ಕುದುರೆಯನ್ನೆಳೆದೊಡನೆ ಚಕಮಕಿ ಕಲ್ಲು ಉಕ್ಕಿಗೆ ಬಡಿದು ಕಿಡಿಗಳುದುರುವುವು. ಕಿಡಿಯು ಪಕ್ಕದ ಬಟ್ಟಲಿನಲ್ಲಿಟ್ಟ ಸ್ವಲ್ಪ ಮದ್ದಿಗೆ ತಾಕುವುದು. ಅದರ ಜ್ವಾಲೆಯು ಕಿರಿದಾದ ರಂಧ್ರದ ಮೂಲಕ ನಳಿಗೆಯೊಳಗಿನ ಮದ್ದನ್ನು ಮುಟ್ಟುವುದು. ಮದ್ದು ತೇವವಾಗಿದ್ದರೆ, ಅಥವಾ ರಂಧ್ರದಲ್ಲಿ ಮಸಿ ಕಟ್ಟಿದ್ದರೆ, ಒಳಗಿನ ಮದ್ದು ಹೊತ್ತಲು ತಡವಾಗುವುದು. ಹೊರಗೆ ಬೆಳಕು ಕಂಡರೂ ಗುಂಡು ಹಾರದಿರುವ ಈ ಅಂತರಕ್ಕೇ ‘ಹ್ಯಾಂಗ್ ಫೈರ್’ ಎಂಬ ಮಾತು ಸಂದಿತು. ಬಟ್ಟಲಿನ ಮದ್ದು ಮಾತ್ರ ಉರಿದು ಒಳಗಿನದು ಹೊತ್ತದೆಯೇ ಹೋದರೆ ಅದು ‘ಫ್ಲ್ಯಾಷ್ ಇನ್ ದಿ ಪ್ಯಾನ್’. ಮೊದಲನೆಯದು ವಿಳಂಬ, ಎರಡನೆಯದು ವೈಫಲ್ಯ.

ಈ ಭೇದವನ್ನರಿಯುವುದು ಪ್ರಾಣದ ಪ್ರಶ್ನೆಯಾಗಿದ್ದಿತು. ಸದ್ದು ಕೇಳಲಿಲ್ಲವೆಂದು ನಳಿಗೆಯನ್ನು ತನ್ನ ಕಡೆಗೆ ತಿರುಗಿಸಿ ನೋಡಿದವನಿಗೆ ತಡೆದಿದ್ದ ಗುಂಡೇ ತಗಲಬಹುದು. ಈಗಿನ ತೋಟಾ ಕೋವಿಗಳಲ್ಲಿ ಇದು ಅಪರೂಪವಾದರೂ, ಗುಂಡು ಹಾರದಿದ್ದಾಗ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷವಾದರೂ ಕಾಯಬೇಕೆಂದು ಕಲಿಯುವವರಿಗೆ ಇಂದಿಗೂ ಬೋಧಿಸುವರು.

ಬೇಟೆಗಾರರಿಗೂ ಚಕಮಕಿ ಕೋವಿಯ ವಿಳಂಬದಿಂದ ತೊಂದರೆಯಿದ್ದಿತು. ಬಟ್ಟಲಿನ ಬೆಳಕನ್ನು ಕಂಡ ಹಕ್ಕಿಯು ಗುಂಡು ಬರುವ ಮೊದಲೇ ತಪ್ಪಿಸಿಕೊಳ್ಳುತ್ತಿದ್ದಿತು. ಸ್ಕಾಟ್ಲೆಂಡಿನ ಬೆಲ್‌ಹೆಲ್ವಿ ಗ್ರಾಮದ ಪಾದ್ರಿಯೂ ಬೇಟೆಯಲ್ಲಿ ಆಸಕ್ತನೂ ಆಗಿದ್ದ ಅಲೆಗ್ಸಾಂಡರ್ ಫೋರ್ಸಿತ್ ಎಂಬವನು, ಪೆಟ್ಟಿನಿಂದಲೇ ಹೊತ್ತುವ ಮದ್ದನ್ನು ಕೋವಿಗೆ ಅಳವಡಿಸುವ ಉಪಾಯವನ್ನು ಕಂಡುಹಿಡಿದು ೧೮೦೭ರಲ್ಲಿ ಅದಕ್ಕೆ ಸನ್ನದು ಪಡೆದನು. ಆ ಶತಮಾನದ ನಡುವಿನ ಹೊತ್ತಿಗೆ ಚಕಮಕಿ ಕೋವಿಯು ಸೈನ್ಯಗಳಿಂದ ಬಹುಮಟ್ಟಿಗೆ ಮರೆಯಾಯಿತು.

ಕೋವಿಯು ಹೋದರೂ ಮಾತು ಉಳಿಯಿತು. ಮನುಷ್ಯರ ಹಿಂಜರಿಕೆಗೂ ಅದು ಸಲ್ಲತೊಡಗಿತು. ೧೮೯೮ರಲ್ಲಿ ಪ್ರಕಟವಾದ ‘ದಿ ಟರ್ನ್ ಆಫ್ ದಿ ಸ್ಕ್ರೂ’ ಎಂಬ ಕಥೆಯಲ್ಲಿ ಹೆನ್ರಿ ಜೇಮ್ಸನು, ಹಿಂದಿನ ಸೇವಕನೊಬ್ಬನು ಏನಾದನೆಂಬ ಪ್ರಶ್ನೆಗೆ ಮನೆವಾರ್ತೆಯ ಹೆಂಗಸು ಬಹಳ ಹೊತ್ತು ಉತ್ತರ ಕೊಡದಿದ್ದುದನ್ನು ಈ ನುಡಿಯಿಂದಲೇ ಹೇಳಿರುವನು. ಕೊನೆಗೆ ಅವಳ ಬಾಯಿಂದ ಹೊರಬೀಳುವುದು ಅವನ ಮರಣದ ಸುದ್ದಿ. ಗುಂಡು ತಡವಾಗಿಯಾದರೂ ಹಾರಿತು.

ಕನ್ನಡದಲ್ಲಿ ‘ನೆನೆಗುದಿಗೆ ಬೀಳು’ ಎಂಬುದು ಇದಕ್ಕೆ ಹತ್ತಿರದ ಮಾತು. ವಿಳಂಬದ ಅರ್ಥವೇನೋ ಅದರಲ್ಲಿ ಬರುವುದು. ಬೆಂಕಿ ಮಾತ್ರ ಆರಿಹೋಗುವುದು. ‘ಬೂದಿ ಮುಚ್ಚಿದ ಕೆಂಡ’ ಎಂದರೆ ಒಳಗಿನ ಬೆಂಕಿಯು ಉಳಿಯುವುದು, ಕಾಯುವಿಕೆಯು ಬಿಟ್ಟುಹೋಗುವುದು. ಈ ಎರಡು ಭಾವಗಳೂ ಕೂಡಿದಲ್ಲಿ ಆಂಗ್ಲ ನುಡಿಯ ಪೂರ್ಣಾರ್ಥವು ದೊರೆಯುವುದು. ಆದುದರಿಂದ ಪತ್ರಿಕೆಯಲ್ಲಿ ಈ ಮಾತನ್ನು ಕಂಡವರು ಆ ಕಾರ್ಯವು ಕೆಟ್ಟುಹೋಯಿತೆಂದು ತಿಳಿಯಲಾಗದು. ಕಿಡಿ ಬಿದ್ದಾಗಿದೆ, ನಳಿಗೆಯಲ್ಲಿ ಮದ್ದು ಇನ್ನೂ ಇದೆ ಎಂಬುದೇ ಅದರ ಮೂಲಾರ್ಥ.